ದೂರದ ಜಾಲ ಸಾಧನಗಳ ನಿರ್ವಹಣೆಗಾಗಿ ಕನ್ಸೋಲ್ ಸರ್ವರ್: ಅಳವಡಿಕೆ ಮತ್ತು ಸಂರಚನೆ ಕುರಿತ ಮಾಹಿತಿ

ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಿಂಚಣಿ ಮಂಜೂರಾತಿ ಮೊದಲಾದ ಸೇವೆಗಳನ್ನು ಸಾರ್ವಜನಿಕರು ಇಂದು ಗಣಕಜಾಲದ ಮೂಲಕ ಪಡೆಯುತ್ತಿದ್ದಾರೆ. ಭಾರತ ಸರ್ಕಾರವು 2005ರ ಮಾರ್ಚ್ ತಿಂಗಳಲ್ಲಿ ಅನುಮೋದಿಸಿದ ರಾಜ್ಯ ವ್ಯಾಪಕ ಪ್ರದೇಶ ಜಾಲ ಯೋಜನೆಯು ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ ಹಾಗೂ ತಾಲ್ಲೂಕು ಕೇಂದ್ರಗಳನ್ನು ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯದ ಸಂಪರ್ಕದಿಂದ ಜೋಡಿಸುವ ಗುರಿಯನ್ನು ಹೊಂದಿತ್ತು. ಇಂತಹ ಜಾಲದ ಪ್ರತಿಯೊಂದು ಕೇಂದ್ರದಲ್ಲಿಯೂ ರೌಟರ್, ಸ್ವಿಚ್, ಫೈರ್‌ವಾಲ್ ಹಾಗೂ ಸರ್ವರ್‌ಗಳು ಇರುತ್ತವೆ. ಆದರೆ ಅವುಗಳನ್ನು ಬಲ್ಲ ತಂತ್ರಜ್ಞರು ಪ್ರತಿಯೊಂದು ಕೇಂದ್ರದಲ್ಲಿಯೂ ಇರುವುದಿಲ್ಲ.

ರೌಟರ್‌ನ ಸಂರಚನೆಯಲ್ಲಿ ಒಂದು ಸಾಲು ತಪ್ಪಾದರೆ ಸಾಕು, ಇಡೀ ಕಚೇರಿಯ ಸಂಪರ್ಕ ಕಡಿದುಹೋಗುತ್ತದೆ. ಸಂಪರ್ಕವೇ ಇಲ್ಲದಿರುವಾಗ ಬೆಂಗಳೂರಿನಲ್ಲಿ ಕುಳಿತ ತಂತ್ರಜ್ಞರು ಸುಮಾರು 700 ಕಿ.ಮೀ. ದೂರದ ಬೀದರ್‌ನ ರೌಟರನ್ನು ಜಾಲದ ಮೂಲಕ ತಲುಪಲಾರರು. ಐದು ನಿಮಿಷದ ಕೆಲಸಕ್ಕೆ ಒಂದು ದಿನದ ಪ್ರಯಾಣ ಅನಿವಾರ್ಯವಾಗುತ್ತದೆ. ಅಷ್ಟು ಹೊತ್ತೂ ಸರದಿಯಲ್ಲಿ ನಿಂತ ರೈತರು ಬರಿಗೈಯಲ್ಲಿ ಊರಿಗೆ ಹಿಂತಿರುಗಬೇಕಾಗುತ್ತದೆ. ಈ ಪರಿಸ್ಥಿತಿಯನ್ನು ನಿವಾರಿಸುವ ಸಾಧನವೇ ಕನ್ಸೋಲ್ ಸರ್ವರ್. ಸರ್ಕಾರಿ ಕಚೇರಿ, ಸ್ಥಳೀಯ ಸಂಸ್ಥೆ, ಸಹಕಾರಿ ಬ್ಯಾಂಕ್ ಹಾಗೂ ಶಿಕ್ಷಣ ಸಂಸ್ಥೆಗಳ ಗಣಕ ವಿಭಾಗದವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕನ್ಸೋಲ್ ಸರ್ವರ್ ಎಂದರೇನು?

ಬಹುತೇಕ ಜಾಲ ಸಾಧನಗಳಲ್ಲಿ ಕನ್ಸೋಲ್ ಎಂಬ ಪ್ರತ್ಯೇಕ ದ್ವಾರವಿರುತ್ತದೆ. ಇದು 1960ರಲ್ಲಿ ಮೊದಲು ಪ್ರಕಟವಾದ ಆರ್‌ಎಸ್-232 ಸೀರಿಯಲ್ ಮಾನಕವನ್ನು ಅನುಸರಿಸುತ್ತದೆ. ಸಾಧನಕ್ಕೆ ಐಪಿ ವಿಳಾಸವಿಲ್ಲದಿದ್ದರೂ, ಅದರ ಜಾಲ ದ್ವಾರಗಳೆಲ್ಲ ಸ್ಥಗಿತಗೊಂಡಿದ್ದರೂ, ಕಾರ್ಯಾಚರಣೆ ತಂತ್ರಾಂಶವೇ ಹಾಳಾಗಿದ್ದರೂ ಈ ದ್ವಾರದ ಮೂಲಕ ಸಾಧನದೊಡನೆ ಸಂವಹನ ನಡೆಸಲು ಸಾಮಾನ್ಯವಾಗಿ ಸಾಧ್ಯವಾಗುತ್ತದೆ. ತಂತ್ರಜ್ಞರು ಸ್ಥಳಕ್ಕೆ ಹೋದಾಗ ಲ್ಯಾಪ್‌ಟಾಪ್‌ಗೆ ಕೇಬಲ್ ಜೋಡಿಸುವುದು ಈ ದ್ವಾರಕ್ಕೇ.

ಕನ್ಸೋಲ್ ಸರ್ವರ್ ಎಂಬುದು ಆ ಲ್ಯಾಪ್‌ಟಾಪ್‌ನ ಸ್ಥಾನದಲ್ಲಿ ಶಾಶ್ವತವಾಗಿ ಇರಿಸುವ ಪೆಟ್ಟಿಗೆ. ಇದರ ಒಂದು ಬದಿಯಲ್ಲಿ 8, 16, 32 ಅಥವಾ 48 ಸೀರಿಯಲ್ ದ್ವಾರಗಳಿರುತ್ತವೆ. ಮತ್ತೊಂದು ಬದಿಯಲ್ಲಿ ಈಥರ್‌ನೆಟ್ ದ್ವಾರ ಹಾಗೂ ಹಲವು ಮಾದರಿಗಳಲ್ಲಿ ಮೊಬೈಲ್ ಮೋಡೆಮ್ ಇರುತ್ತವೆ. ದೂರದಲ್ಲಿರುವ ತಂತ್ರಜ್ಞರು ಸುರಕ್ಷಿತ ಸಂಪರ್ಕದ ಮೂಲಕ ಕನ್ಸೋಲ್ ಸರ್ವರನ್ನು ಪ್ರವೇಶಿಸಿ, ಅಲ್ಲಿಂದ ತಮಗೆ ಬೇಕಾದ ಸಾಧನದ ಕನ್ಸೋಲನ್ನು ತೆರೆಯುತ್ತಾರೆ.

ಪ್ರತ್ಯೇಕ ಮಾರ್ಗ ಏಕೆ ಅವಶ್ಯಕ?

ಕನ್ಸೋಲ್ ಸರ್ವರನ್ನು ಕೊಂಡು ಅದನ್ನು ಅದೇ ಕಚೇರಿಯ ಅದೇ ಸ್ವಿಚ್‌ಗೆ ಮಾತ್ರ ಜೋಡಿಸುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಮುಖ್ಯ ಜಾಲ ಬಿದ್ದಾಗ ಕನ್ಸೋಲ್ ಸರ್ವರ್ ಕೂಡ ಅದರೊಡನೆ ಕೈಗೆ ಸಿಗದಂತಾಗುತ್ತದೆ. ದೊಡ್ಡ ಸಂಸ್ಥೆಗಳೂ ಈ ತೊಂದರೆಗೆ ಹೊರತಾಗಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಬೆನ್ನೆಲುಬು ಜಾಲವು ನಿರ್ವಹಣಾ ಕಾರ್ಯದ ವೇಳೆ ನೀಡಿದ ಒಂದು ಆದೇಶದಿಂದಾಗಿ ಸ್ಥಗಿತಗೊಂಡು, ಅದರ ಸೇವೆಗಳು ಹಲವು ಗಂಟೆಗಳ ಕಾಲ ದೊರೆಯದಾದವು. ಮುಖ್ಯ ಜಾಲದೊಡನೆ ಪರ್ಯಾಯ ನಿರ್ವಹಣಾ ಜಾಲವೂ ಲಭ್ಯವಿಲ್ಲದ ಕಾರಣ ತಂತ್ರಜ್ಞರನ್ನು ದತ್ತಾಂಶ ಕೇಂದ್ರಗಳಿಗೇ ಕಳುಹಿಸಬೇಕಾಯಿತೆಂದು ಸಂಸ್ಥೆಯೇ ತಿಳಿಸಿದೆ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ದೂರಸಂಪರ್ಕ ಸಂಸ್ಥೆಯಲ್ಲಿ ರೌಟರ್‌ನ ಒಂದು ಶೋಧಕ ನಿಯಮವನ್ನು ತೆಗೆದುಹಾಕಿದ ಪರಿಣಾಮ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರು ಸೇವೆಯಿಂದ ವಂಚಿತರಾದರು. ತುರ್ತು ಕರೆಗಳಿಗೂ ಅಡಚಣೆಯಾಯಿತು. ಅಲ್ಲಿಯೂ ನಿರ್ವಹಣಾ ಜಾಲವು ಮುಖ್ಯ ಜಾಲವನ್ನೇ ಅವಲಂಬಿಸಿತ್ತು. ಆದುದರಿಂದ ಮುಖ್ಯ ಜಾಲಕ್ಕೆ ಸಂಬಂಧಪಡದ ಎರಡನೆಯ ಮಾರ್ಗವಿಲ್ಲದೆ ಈ ವ್ಯವಸ್ಥೆ ಪೂರ್ಣವಾಗುವುದಿಲ್ಲ ಎಂಬುದನ್ನು ಗಮನಿಸುವುದು.

ಅಳವಡಿಕೆಗೆ ಮುನ್ನ

1. ಕೊಠಡಿಯಲ್ಲಿರುವ ಎಲ್ಲ ಸಾಧನಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಪ್ರತಿಯೊಂದರ ಹೆಸರು, ಕನ್ಸೋಲ್ ದ್ವಾರದ ಬಗೆ (ಆರ್‌ಜೆ-45, ಒಂಬತ್ತು ಪಿನ್ನಿನ ಡಿಬಿ-9 ಅಥವಾ ಯುಎಸ್‌ಬಿ) ಮತ್ತು ವೇಗವನ್ನು ದಾಖಲಿಸಬೇಕು.

2. ಮುಂದಿನ ವಿಸ್ತರಣೆಯನ್ನು ಗಮನದಲ್ಲಿರಿಸಿ ಅಗತ್ಯಕ್ಕಿಂತ ಕೆಲವು ದ್ವಾರಗಳು ಹೆಚ್ಚಿರುವ ಮಾದರಿಯನ್ನು ಆಯ್ಕೆ ಮಾಡಬೇಕು.

3. ಎರಡನೆಯ ಮಾರ್ಗವನ್ನು ನಿರ್ಧರಿಸಬೇಕು. ಮೊಬೈಲ್ ಸಂಪರ್ಕವಾದಲ್ಲಿ ಸಿಮ್ ಕಾರ್ಡ್ ಮುಖ್ಯ ಸಂಪರ್ಕ ನೀಡುವ ಸಂಸ್ಥೆಯದಲ್ಲದೆ ಬೇರೆಯದಾಗಿರಬೇಕು. ಎರಡೂ ಸಂಸ್ಥೆಗಳು ಒಂದೇ ಆಪ್ಟಿಕಲ್ ಫೈಬರ್ ಕೇಬಲನ್ನು ಬಳಸುತ್ತಿದ್ದಲ್ಲಿ, ರಸ್ತೆ ಅಗೆಯುವಾಗ ಜೆಸಿಬಿ ಯಂತ್ರದ ಒಂದೇ ಹೊಡೆತಕ್ಕೆ ಎರಡೂ ಮಾರ್ಗಗಳು ಕಡಿಯಬಹುದು. ಆದ್ದರಿಂದ ಈ ವಿಷಯವನ್ನು ಮೊದಲೇ ವಿಚಾರಿಸುವುದು ಸೂಕ್ತ.

ಅಳವಡಿಕೆಯ ವಿಧಾನ

1. ವಿದ್ಯುತ್: ಕನ್ಸೋಲ್ ಸರ್ವರನ್ನು ಯುಪಿಎಸ್‌ಗೆ ಜೋಡಿಸಬೇಕು. ಎರಡು ವಿದ್ಯುತ್ ಪೂರೈಕೆ ಘಟಕಗಳಿದ್ದಲ್ಲಿ ಅವುಗಳಿಗೆ ಬೇರೆ ಬೇರೆ ಮೂಲಗಳಿಂದ ವಿದ್ಯುತ್ ಒದಗಿಸಬೇಕು. ಸಾಧನವು ಸಂಪೂರ್ಣ ಸ್ತಬ್ಧಗೊಂಡಾಗ ಅದನ್ನು ಆರಿಸಿ ಹೊತ್ತಿಸಲು ಕನ್ಸೋಲ್ ಒಂದರಿಂದಲೇ ಆಗದು. ಅದಕ್ಕಾಗಿ ದೂರದಿಂದ ನಿಯಂತ್ರಿಸಬಹುದಾದ ವಿದ್ಯುತ್ ವಿತರಣಾ ಪಟ್ಟಿಯನ್ನೂ ಅಳವಡಿಸಿಕೊಳ್ಳುವುದು ಒಳಿತು.

2. ಕೇಬಲ್: ಕನ್ಸೋಲ್ ದ್ವಾರವು ನೋಟಕ್ಕೆ ಈಥರ್‌ನೆಟ್ ದ್ವಾರದಂತೆಯೇ ಇದ್ದರೂ ಅದರ ಸಂಕೇತಗಳು ಸಂಪೂರ್ಣ ಭಿನ್ನವಾಗಿರುತ್ತವೆ. ಕನ್ಸೋಲ್ ದ್ವಾರಕ್ಕೆ ಸ್ವಿಚ್‌ನ ಈಥರ್‌ನೆಟ್ ಕೇಬಲನ್ನು ಎಂದಿಗೂ ಜೋಡಿಸಬಾರದು. ಸಿಸ್ಕೋ ಮಾದರಿಯ ಸಾಧನಗಳಿಗೆ ರೋಲ್‌ಓವರ್ ಕೇಬಲ್ ಬಳಸುವುದು ರೂಢಿ. ಇದರಲ್ಲಿ ಒಂದು ತುದಿಯ 1ನೇ ಪಿನ್ ಇನ್ನೊಂದು ತುದಿಯ 8ಕ್ಕೆ, 2ನೆಯದು 7ಕ್ಕೆ, 3ನೆಯದು 6ಕ್ಕೆ, 4ನೆಯದು 5ಕ್ಕೆ ಸೇರಿ ಕ್ರಮವು ಪೂರ್ತಿ ತಿರುವುಮುರುವಾಗಿರುತ್ತದೆ. ಕೆಲವು ಕನ್ಸೋಲ್ ಸರ್ವರ್‌ಗಳು ಈ ತಿರುವನ್ನು ತಮ್ಮ ಒಳಗೇ ಮಾಡಿಕೊಳ್ಳುವುದರಿಂದ ಅವುಗಳಿಗೆ ನೇರ ಕೇಬಲ್ ಸಾಕಾಗುತ್ತದೆ. ತಯಾರಕರ ಕೈಪಿಡಿಯನ್ನು ನೋಡಿಯೇ ಮುಂದುವರಿಯುವುದು.

3. ಅಂತರ: ಆರ್‌ಎಸ್-232 ಕೇಬಲನ್ನು ಸಾಮಾನ್ಯವಾಗಿ 15 ಮೀಟರ್ ಒಳಗೆ ಇರಿಸಿಕೊಳ್ಳುವುದು ಕ್ಷೇಮ. ಒಂದು ಕಟ್ಟಡದಿಂದ ಮತ್ತೊಂದು ಕಟ್ಟಡಕ್ಕೆ ತಾಮ್ರದ ಸೀರಿಯಲ್ ಕೇಬಲ್ ಎಳೆಯಬಾರದು. ಎರಡು ಕಟ್ಟಡಗಳ ಭೂಸಂಪರ್ಕದಲ್ಲಿ ವ್ಯತ್ಯಾಸವಿದ್ದರೆ ಅಥವಾ ಸಿಡಿಲಿನ ಪ್ರಭಾವವಾದರೆ ದ್ವಾರಗಳು ಸುಟ್ಟುಹೋಗುವ ಸಂಭವವಿರುತ್ತದೆ.

4. ಹೆಸರಿನ ಪಟ್ಟಿ: ಪ್ರತಿ ಕೇಬಲ್‌ನ ಎರಡೂ ತುದಿಗೆ ಸಾಧನದ ಹೆಸರು ಹಾಗೂ ದ್ವಾರದ ಸಂಖ್ಯೆಯನ್ನು ಅಂಟಿಸಬೇಕು. ತಪ್ಪು ದ್ವಾರದಲ್ಲಿ ಸರಿಯಾದ ಆದೇಶ ನೀಡುವುದು ಗಂಭೀರ ಅನಾಹುತಕ್ಕೆ ದಾರಿಯಾಗುತ್ತದೆ.

ಸಂರಚನೆ

ಮೊದಲಿಗೆ ತಯಾರಕರು ನೀಡಿದ ಮೂಲ ಗುಪ್ತಪದವನ್ನು ಬದಲಾಯಿಸಬೇಕು. ತದನಂತರ ಸ್ಥಿರ ಐಪಿ ವಿಳಾಸ, ಗೇಟ್‌ವೇ ಹಾಗೂ ಸಾಧನದ ಹೆಸರನ್ನು ನಮೂದಿಸಬೇಕು. ನಿರ್ವಹಣೆಗೆಂದೇ ಪ್ರತ್ಯೇಕ ಉಪಜಾಲವಿರುವುದು ಅಪೇಕ್ಷಣೀಯ.

ಪ್ರತಿ ಸೀರಿಯಲ್ ದ್ವಾರಕ್ಕೆ ಅದರಲ್ಲಿರುವ ಸಾಧನಕ್ಕೆ ತಕ್ಕ ನಿಯತಾಂಕಗಳನ್ನು ನೀಡಬೇಕು. ಹೆಚ್ಚಿನ ರೌಟರ್ ಮತ್ತು ಸ್ವಿಚ್‌ಗಳಲ್ಲಿ ವೇಗ 9600, ದತ್ತಾಂಶ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1 ಎಂಬುದು ರೂಢಿ. ಸರ್ವರ್‌ಗಳಲ್ಲಿ ಹಾಗೂ ಕೆಲವು ಹೊಸ ಸಾಧನಗಳಲ್ಲಿ ವೇಗ 115200 ಇರುತ್ತದೆ. ದ್ವಾರಕ್ಕೆ ಕೇವಲ ಸಂಖ್ಯೆಯಿದ್ದರೆ ಸಾಲದು, ಸಾಧನದ ಹೆಸರನ್ನೂ ಕೊಡಬೇಕು.

ಲಿನಕ್ಸ್ ಸರ್ವರ್‌ಗಳಲ್ಲಿ ಕನ್ಸೋಲ್ ತಾನಾಗಿಯೇ ಸೀರಿಯಲ್ ದ್ವಾರಕ್ಕೆ ಬರುವುದಿಲ್ಲ. ಬಯೋಸ್‌ನಲ್ಲಿ ಸೀರಿಯಲ್ ಮರುನಿರ್ದೇಶನವನ್ನು ಚಾಲನೆಗೊಳಿಸಿ, ಬೂಟ್ ಲೋಡರ್ ಹಾಗೂ ಕರ್ನಲ್‌ಗೆ ಸೀರಿಯಲ್ ದ್ವಾರದ ಹೆಸರು ಮತ್ತು ವೇಗವನ್ನು ತಿಳಿಸಿ, ಆ ದ್ವಾರದಲ್ಲಿ ಲಾಗಿನ್ ಸೇವೆಯನ್ನು ಪ್ರಾರಂಭಿಸಬೇಕು. ಎಲ್ಲೆಡೆ ವೇಗವು ಒಂದೇ ಆಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಮೊಬೈಲ್ ಮಾರ್ಗದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಾಮಾನ್ಯ ಸಿಮ್ ಕಾರ್ಡ್‌ಗೆ ಹಲವು ಗ್ರಾಹಕರು ಹಂಚಿಕೊಳ್ಳುವ ವಿಳಾಸ ದೊರೆಯುವುದರಿಂದ ಹೊರಗಿನಿಂದ ಅದಕ್ಕೆ ನೇರವಾಗಿ ಕರೆ ಹೋಗುವುದಿಲ್ಲ. ಆದ್ದರಿಂದ ಕನ್ಸೋಲ್ ಸರ್ವರ್ ತಾನೇ ಹೊರಟು ಕೇಂದ್ರ ಕಚೇರಿಯ ವಿಪಿಎನ್‌ಗೆ ಸೇರಿಕೊಳ್ಳುವಂತೆ ಸಂರಚಿಸಬೇಕು.

ಭದ್ರತೆ

ಕನ್ಸೋಲ್ ದ್ವಾರವನ್ನು ತಲುಪಿದವರು ಸಾಧನದ ಮುಂದೆಯೇ ನಿಂತಂತೆ. ಹಲವು ರೌಟರ್‌ಗಳಲ್ಲಿ ಪುನರಾರಂಭದ ಮೊದಲ ಕ್ಷಣಗಳಲ್ಲಿ ಬ್ರೇಕ್ ಸಂಕೇತ ಕಳುಹಿಸಿ ಗುಪ್ತಪದವನ್ನೇ ಬದಲಿಸಲು ಸಾಧ್ಯ. ಆದಕಾರಣ ಕೆಳಕಂಡ ಅಂಶಗಳನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು.

1. ಟೆಲ್ನೆಟ್ ಸೇವೆಯನ್ನು ಸ್ಥಗಿತಗೊಳಿಸಿ ಎಸ್‌ಎಸ್‌ಎಚ್ ಮಾತ್ರ ಬಳಸಬೇಕು. ಟೆಲ್ನೆಟ್‌ನಲ್ಲಿ ಗುಪ್ತಪದವು ಗೂಢಲಿಪಿಯಿಲ್ಲದೆ ಸಾಗುತ್ತದೆ.

2. ಪ್ರತಿಯೊಬ್ಬ ತಂತ್ರಜ್ಞರಿಗೂ ಪ್ರತ್ಯೇಕ ಖಾತೆಯಿರಬೇಕು. ರೇಡಿಯಸ್ ಅಥವಾ ಟ್ಯಾಕಾಕ್ಸ್ ಪ್ಲಸ್ ಮೂಲಕ ಕೇಂದ್ರೀಯ ದೃಢೀಕರಣ ಉತ್ತಮ. ಆದರೆ ಜಾಲ ಬಿದ್ದಾಗ ಆ ದೃಢೀಕರಣ ಸರ್ವರ್ ಕೂಡ ಸಿಗುವುದಿಲ್ಲ. ಆ ಸಂದರ್ಭಕ್ಕಾಗಿ ಒಂದು ಸ್ಥಳೀಯ ಖಾತೆಯನ್ನು ಇರಿಸಿ, ಅದರ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಾಯ್ದಿಡಬೇಕು.

3. ಸಾಧನ ಹಾಗೂ ಕನ್ಸೋಲ್ ಸರ್ವರ್ ಎರಡರಲ್ಲಿಯೂ ನಿಷ್ಕ್ರಿಯ ಅವಧಿಯ ಮಿತಿಯನ್ನು ವಿಧಿಸಬೇಕು. ಮೊದಲಿಗರು ನಿರ್ಗಮಿಸದೆ ಸಂಪರ್ಕ ಕಡಿದುಕೊಂಡಲ್ಲಿ, ಸೀರಿಯಲ್ ದ್ವಾರಕ್ಕೆ ಅದು ತಿಳಿಯದೇ ಹೋಗಬಹುದು. ಆಗ ಮುಂದೆ ಬಂದವರಿಗೆ ಅವರದೇ ಅಧಿಕಾರದಲ್ಲಿ ತೆರೆದ ಪರದೆ ದೊರೆಯುತ್ತದೆ.

4. ಎಲ್ಲ ದ್ವಾರಗಳ ವ್ಯವಹಾರವನ್ನು ದಾಖಲಿಸಿ ಬೇರೊಂದು ಸರ್ವರ್‌ಗೆ ಕಳುಹಿಸಬೇಕು. ಭಾರತೀಯ ಗಣಕ ತುರ್ತು ಪ್ರತಿಕ್ರಿಯಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಸಂಬಂಧಪಟ್ಟವರು ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕಾಗಿರುತ್ತದೆ. ಸೂಚಿತ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕಾಗಿರುತ್ತದೆ. ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳೊಡನೆ ಹೊಂದಿಸಬೇಕೆಂದೂ ಅದರಲ್ಲಿ ತಿಳಿಸಲಾಗಿದೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಮೂಡಿದಲ್ಲಿ: ಎರಡೂ ಬದಿಯ ವೇಗ ಹೊಂದಿಕೆಯಾಗಿಲ್ಲವೆಂದು ತಿಳಿಯುವುದು.

ಪರದೆ ಖಾಲಿಯಿದ್ದಲ್ಲಿ: ಒಮ್ಮೆ ಎಂಟರ್ ಕೀಲಿಯನ್ನು ಒತ್ತಿ ನೋಡುವುದು. ಆಗಲೂ ಏನೂ ಬಾರದಿದ್ದರೆ ನೇರ ಕೇಬಲ್‌ಗೆ ಬದಲಾಗಿ ರೋಲ್‌ಓವರ್ ಕೇಬಲನ್ನು, ಅಥವಾ ಅದಕ್ಕೆ ಬದಲಾಗಿ ಇದನ್ನು ಪ್ರಯತ್ನಿಸುವುದು.

ಅಕ್ಷರಗಳು ಕಾಣಿಸಿದರೂ ನಾವು ಒತ್ತಿದ ಕೀಲಿ ಸಾಧನಕ್ಕೆ ತಲುಪದಿದ್ದಲ್ಲಿ: ಯಂತ್ರಾಂಶ ಹರಿವು ನಿಯಂತ್ರಣ ತಪ್ಪಾಗಿ ಚಾಲನೆಯಲ್ಲಿರಬಹುದು ಅಥವಾ ಕೇಬಲ್‌ನ ಒಂದು ತಂತಿ ಕಡಿದಿರಬಹುದು.

ದೋಷ ಹುಡುಕುವಾಗ ರೌಟರ್ ನಿಧಾನಗೊಂಡಲ್ಲಿ: 9600 ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರಗಳು ಮಾತ್ರ ಸಾಗುತ್ತವೆ. ದೋಷಶೋಧನಾ ಸಂದೇಶಗಳ ಪ್ರವಾಹವನ್ನು ಕನ್ಸೋಲ್‌ಗೆ ಬಿಡದೆ ಸಾಧನದ ಸ್ಮೃತಿಗೆ ಕಳುಹಿಸುವುದು.

ನಿಯತಕಾಲಿಕ ಪರೀಕ್ಷೆ

ಮೂರು ತಿಂಗಳಿಗೊಮ್ಮೆ, ಸಾರ್ವಜನಿಕ ಸೇವೆಯಿಲ್ಲದ ಸಮಯದಲ್ಲಿ, ಮುಖ್ಯ ಸಂಪರ್ಕದ ಕೇಬಲನ್ನು ಬೇರ್ಪಡಿಸಿ, ಹೊರಗಿನಿಂದ ಎರಡನೆಯ ಮಾರ್ಗದ ಮೂಲಕವೇ ಪ್ರತಿ ಸಾಧನದ ಕನ್ಸೋಲನ್ನು ತೆರೆದು ನೋಡುವುದು ಸೂಕ್ತ. ಸಿಮ್ ಕಾರ್ಡ್‌ನ ಅವಧಿ ಮುಗಿದಿರುವುದು, ಬದಲಾಯಿಸಿದ ಸ್ವಿಚ್‌ಗೆ ಕೇಬಲ್ ಮರುಜೋಡಿಸದಿರುವುದು, ಸ್ಥಳೀಯ ಖಾತೆಯ ಗುಪ್ತಪದ ಯಾರಿಗೂ ತಿಳಿಯದಿರುವುದು ಮುಂತಾದ ನ್ಯೂನತೆಗಳು ಹೀಗೆ ಪರೀಕ್ಷಿಸಿದಾಗ ಮಾತ್ರ ಬೆಳಕಿಗೆ ಬರುತ್ತವೆ. ವಿಳಾಸಗಳು, ದ್ವಾರಗಳ ಪಟ್ಟಿ ಹಾಗೂ ಸಂಪರ್ಕಿಸಬೇಕಾದ ಅಧಿಕಾರಿಗಳ ದೂರವಾಣಿ ಸಂಖ್ಯೆಗಳನ್ನು ಮುದ್ರಿಸಿ ಕಾಗದದ ಮೇಲೆಯೂ ಇಟ್ಟುಕೊಳ್ಳುವುದು. ಜಾಲ ಬಿದ್ದ ದಿನ ಜಾಲದಲ್ಲಿರುವ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ.

ಮೇಲ್ಕಂಡ ಕ್ರಮಗಳನ್ನು ಅನುಸರಿಸಿದಲ್ಲಿ ಸಂರಚನೆಯ ತಪ್ಪಿನಿಂದ ಕಡಿದ ಸಂಪರ್ಕವನ್ನು ತಂತ್ರಜ್ಞರು ತಮ್ಮ ಸ್ಥಳದಿಂದಲೇ ಸರಿಪಡಿಸಬಹುದು. ಬೆಳಿಗ್ಗೆ ಕಚೇರಿಗೆ ಬಂದ ನಾಗರಿಕರಿಗೆ ಅಂದೇ ಸೇವೆ ದೊರೆಯುವಂತಾಗುವುದು ಈ ವ್ಯವಸ್ಥೆಯ ಮೂಲ ಉದ್ದೇಶವಾಗಿರುತ್ತದೆ.