ಪೆನಿಸಿಲಿನ್: ಒಬ್ಬರಿಂದ ಆಗದ ಕೆಲಸ

ಪೆನಿಸಿಲಿನ್ ಕಂಡುಹಿಡಿದವರು ಯಾರು? ಶಾಲೆಯ ಮಕ್ಕಳೂ ‘ಅಲೆಗ್ಸಾಂಡರ್ ಫ್ಲೆಮಿಂಗ್’ ಎನ್ನುತ್ತಾರೆ. ಉತ್ತರ ಸರಿ, ಆದರೆ ಅರ್ಧ ಮಾತ್ರ. 1928ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ, ತಟ್ಟೆಗೆ ಬಿದ್ದ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾಗಳು ನಾಶವಾಗಿದ್ದನ್ನು ಅವರು ಗಮನಿಸಿದರು. ಆದರೆ ಬೂಷ್ಟಿನ ರಸದಿಂದ ಔಷಧವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು ಅವರಿಗೆ ಆಗಲಿಲ್ಲ. ಅದಕ್ಕೆ ರಸಾಯನಶಾಸ್ತ್ರದ ಪರಿಣತಿ ಬೇಕಿತ್ತು. ಹೀಗೆ ಹತ್ತು ವರ್ಷಗಳು ಕಳೆದವು.

1939ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಈ ಕೆಲಸ ಕೈಗೆತ್ತಿಕೊಂಡಿತು. ಹೋವರ್ಡ್ ಫ್ಲೋರಿ ರೋಗಶಾಸ್ತ್ರಜ್ಞರು. ಅರ್ನ್‌ಸ್ಟ್ ಚೈನ್ ಜೀವರಸಾಯನ ತಜ್ಞರು. ಇನ್ನೊಬ್ಬ ಜೀವರಸಾಯನ ತಜ್ಞ ನಾರ್ಮನ್ ಹೀಟ್ಲಿ ಉಪಕರಣ ತಯಾರಿಕೆಯಲ್ಲಿ ಎತ್ತಿದ ಕೈ. ಯುದ್ಧಕಾಲದ ಅಭಾವದಲ್ಲಿ ಆಸ್ಪತ್ರೆಯ ಬೆಡ್‌ಪ್ಯಾನ್‌ಗಳಲ್ಲೂ ಬೂಷ್ಟು ಬೆಳೆಸಿದರು. ಆಮ್ಲೀಯತೆ ಹೆಚ್ಚಿಸಿ ಔಷಧವನ್ನು ರಸದಿಂದ ಈಥರ್‌ಗೆ ಸೆಳೆದು, ಆಮ್ಲೀಯತೆ ತಗ್ಗಿಸಿ ಮತ್ತೆ ನೀರಿಗೆ ತರುವ ವಿಧಾನ ಹೀಟ್ಲಿಯವರದೇ.

1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕೂ ಸತ್ತಿದ್ದವು; ಉಳಿದ ನಾಲ್ಕು ಬದುಕಿದ್ದವು.

1941ರ ಫೆಬ್ರವರಿಯಲ್ಲಿ ಸೋಂಕಿನಿಂದ ಸಾಯುವ ಸ್ಥಿತಿಯಲ್ಲಿದ್ದ ಪೊಲೀಸ್ ಪೇದೆ ಆಲ್ಬರ್ಟ್ ಅಲೆಗ್ಸಾಂಡರ್‌ಗೆ ಇದನ್ನು ಕೊಟ್ಟಾಗ ಅವರು ಚೇತರಿಸಿಕೊಳ್ಳತೊಡಗಿದರು. ಆದರೆ ಔಷಧ ಮುಗಿದುಹೋಯಿತು! ಅವರ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲದೆ, ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಔಷಧ ಫಲಕಾರಿ ಎಂಬುದು ತಿಳಿದಿತ್ತು. ಹೇರಳವಾಗಿ ತಯಾರಿಸುವ ಬಗೆ ತಿಳಿದಿರಲಿಲ್ಲ.

ಅದನ್ನು ಕಲಿಸಿಕೊಟ್ಟವರು ಮತ್ತೊಂದು ಶಾಸ್ತ್ರದವರು. ಅಮೆರಿಕದ ಪಿಯೋರಿಯಾದ ಕೃಷಿ ಪ್ರಯೋಗಾಲಯದ ಹುದುಗು ತಜ್ಞರು ಮೆಕ್ಕೆಜೋಳ ನೆನೆಸಿದ ನೀರಿನ ಸಾರ ಬಳಸಿ ಇಳುವರಿ ಹೆಚ್ಚಿಸಿದರು. 1945ರಲ್ಲಿ ಡೊರೊಥಿ ಹಾಜ್ಕಿನ್ ಎಕ್ಸ್‌ರೇ ನೆರವಿನಿಂದ ಪೆನಿಸಿಲಿನ್ ಅಣುವಿನ ರಚನೆಯನ್ನೇ ಬಿಡಿಸಿಟ್ಟರು. ಅದೇ ವರ್ಷ ಫ್ಲೆಮಿಂಗ್, ಫ್ಲೋರಿ, ಚೈನ್ ಅವರಿಗೆ ನೊಬೆಲ್ ಬಂತು. ಹೀಟ್ಲಿಗೆ ಬರಲಿಲ್ಲ, 1990ರಲ್ಲಿ ಆಕ್ಸ್‌ಫರ್ಡ್ ಅವರಿಗೆ ವೈದ್ಯಕೀಯ ಗೌರವ ಡಾಕ್ಟರೇಟ್ ನೀಡಿತು.

ಇಷ್ಟು ಜನರ ದುಡಿಮೆಯಿಂದ ದೊರೆತ ಔಷಧ ವ್ಯರ್ಥವಾಗಬಾರದು. ಸಾಲದ ಪ್ರಮಾಣದಲ್ಲಿ ಕೊಟ್ಟರೆ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂದು ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದ್ದರು. ಆ್ಯಂಟಿಬಯಾಟಿಕ್‌ಗಳು ನೆಗಡಿಗೆ, ವೈರಸ್ ಜ್ವರಕ್ಕೆ ನಾಟುವುದಿಲ್ಲ. ವೈದ್ಯರು ಬರೆದುಕೊಟ್ಟಾಗ ಮಾತ್ರ, ಹೇಳಿದಷ್ಟು ದಿನ ತೆಗೆದುಕೊಳ್ಳಿ. ಉಳಿದ ಮಾತ್ರೆಗಳನ್ನು ಪಕ್ಕದ ಮನೆಯವರಿಗೆ ಕೊಡಬೇಡಿ. ಹಿಂದೆ ಪೆನಿಸಿಲಿನ್‌ನಿಂದ ಮೈಮೇಲೆ ಗಂಧೆಗಳೆದ್ದಿದ್ದರೆ ಅಥವಾ ಉಸಿರಾಟಕ್ಕೆ ತೊಂದರೆಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.