ದೀಪಂ, ಉಜ್ವಲಾ ಮತ್ತು ಗಡಿನಾಡಿನ ಅಡುಗೆಮನೆ

ಮಡಕಶಿರದ ರೊಳ್ಳ, ಅಗಳಿ, ಅಮರಾಪುರದ ಕಡೆಯಾಗಲಿ, ರಾಯದುರ್ಗದ ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆಯಾಗಲಿ, ನಮ್ಮ ಜನರ ಅಡುಗೆಮನೆಯಲ್ಲಿ ಇಂದು ಎರಡು ಒಲೆಗಳಿವೆ. ಕಟ್ಟೆಯ ಮೇಲೆ ಅನಿಲದ ಒಲೆ. ಒರೆಸಿ, ಕುಂಕುಮವಿಟ್ಟು, ಕೆಲಸವಿಲ್ಲದಾಗ ಬಟ್ಟೆ ಮುಚ್ಚಿರುತ್ತಾರೆ. ಮೂಲೆಯಲ್ಲೋ ಹಿತ್ತಲಿನಲ್ಲೋ ಮಣ್ಣಿನ ಒಲೆ. ಬೆಳಗಿನ ಚಹಾ ಮೊದಲನೆಯದರ ಮೇಲೆ, ರಾಗಿ ಮುದ್ದೆ ಮತ್ತು ಸ್ನಾನದ ನೀರು ಎರಡನೆಯದರ ಮೇಲೆ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಇಂತಹ ಮನೆ ಹೊಗೆಯಿಂದ ಮುಕ್ತವಾದ ಮನೆ.

ಹಳೆಯ ಒಲೆಯನ್ನು ಬದಲಿಸಲು ಸರ್ಕಾರ ಹಣ ಕೊಡುವ ಪದ್ಧತಿ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಮೂರು ಪಾತ್ರೆ ಕೂರುವ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. ಅದೇ ಕಾಲದಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆಗಳ ಕಾರ್ಯಕ್ರಮ 2002ರವರೆಗೆ ನಡೆದು, ಸಹಾಯಧನದಲ್ಲಿ ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳನ್ನು ಹಾಕಿಸಿತು. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿರಲಿಲ್ಲ. ದಪ್ಪ ಸೌದೆ ಹಿಡಿಯಲಿ ಎಂದು ಒಲೆಯ ಬಾಯನ್ನು ಮನೆಯವರೇ ಅಗಲಿಸಿದರು. ಬಳಿಕ ಅನಿಲದ ಸರದಿ. 1999ರಲ್ಲಿ ಅವಿಭಜಿತ ಆಂಧ್ರಪ್ರದೇಶ ಸರ್ಕಾರ ದೀಪಂ ಯೋಜನೆಯಡಿ ಸ್ವಸಹಾಯ ಸಂಘಗಳ ಮಹಿಳೆಯರ ಪರವಾಗಿ ಸಿಲಿಂಡರಿನ ಠೇವಣಿ ಕಟ್ಟಿತು. 2016ರ ಮೇ 1ರಂದು ಉತ್ತರಪ್ರದೇಶದ ಬಲಿಯಾದಲ್ಲಿ ಉದ್ಘಾಟನೆಯಾದ ಉಜ್ವಲಾ ಯೋಜನೆ ಸಂಪರ್ಕವೊಂದಕ್ಕೆ 1,600 ರೂಪಾಯಿ ಭರಿಸಿತು. ಒಲೆಗೂ ಮೊದಲ ಸಿಲಿಂಡರಿಗೂ ಸಾಲ ಪಡೆದವರ ಸಬ್ಸಿಡಿ ಮಾತ್ರ ಸಾಲಕ್ಕೇ ಜಮೆಯಾಗುತ್ತಿತ್ತು. ಎಷ್ಟೋ ಮಹಿಳೆಯರು ಸಬ್ಸಿಡಿ ಎಂಬುದು ಬರಿಯ ಮಾತೆಂದು ನಂಬಿದ್ದು ಆ ದಿನಗಳಲ್ಲಿ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಲಿಬ್ಬಿ ಎಂಬ ಸಣ್ಣ ಊರಿದೆ. ಚಳಿಗಾಲದಲ್ಲಿ ಮನೆ ಕಾಯಿಸುವ ಸೌದೆ ಒಲೆಗಳ ಹೊಗೆ ಆ ಕಣಿವೆಯಲ್ಲಿ ನಿಂತುಬಿಡುತ್ತಿತ್ತು. 2005ರಿಂದ ಮೂರು ನಾಲ್ಕು ವರ್ಷಗಳಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಒಲೆಗಳನ್ನು ಬದಲಿಸಿದರು. ಅಂತಹ ಯೋಜನೆಗಳಲ್ಲಿ ಒಂದು ಷರತ್ತು ಇರುತ್ತದೆ: ಹಳೆಯ ಒಲೆಯನ್ನು ತಂದೊಪ್ಪಿಸಬೇಕು, ಅದು ಮತ್ತೆ ಉರಿಯದಂತೆ ಒಡೆದುಹಾಕುತ್ತಾರೆ. ನಮ್ಮಲ್ಲಿ ಒಪ್ಪಿಸಲು ಇರುವುದಾದರೂ ಏನು? ಮೂರು ಕಲ್ಲು, ಒಂದು ಬುಟ್ಟಿ ಮಣ್ಣು. ಸಂಜೆಗೆ ಕೆಡವಿದ ಒಲೆ ಬೆಳಗಾಗುವಷ್ಟರಲ್ಲಿ ಮತ್ತೆ ಎದ್ದಿರುತ್ತದೆ. ಹೊರಗೆ ಬಳ್ಳಾರಿ ಜಾಲಿ ಬೇಕಾದಷ್ಟಿದೆ. ಮಡಕಶಿರದಲ್ಲಿ ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳೂ ಇವೆ. ಮುದ್ದೆ ತಿರುವುವಾಗ ಅನಿಲದ ಒಲೆಯ ಮೇಲೆ ಪಾತ್ರೆ ಅಲುಗಾಡುತ್ತದೆ ಎಂಬ ದೂರನ್ನು ಅಧಿಕಾರಿಗಳು ನಕ್ಕು ತಳ್ಳಿಹಾಕುತ್ತಾರೆ. ದಿನವೂ ಮುದ್ದೆ ತಿರುವುವವರಿಗೆ ಅದು ನಗುವ ವಿಷಯವಲ್ಲ.

ಹೀಗಿರುವಾಗ ಹಳೆಯ ಒಲೆ ಆರಬೇಕಾದರೆ ಉಳಿದಿರುವ ದಾರಿ ಒಂದೇ: ಎರಡನೆಯ, ಮೂರನೆಯ, ಹತ್ತನೆಯ ಸಿಲಿಂಡರೂ ಬಡವರ ಕೈಗೆಟುಕಬೇಕು. ಉಜ್ವಲಾ ಮನೆಗಳು 2019-20ರಲ್ಲಿ ವರ್ಷಕ್ಕೆ ಸರಾಸರಿ ಮೂರು ಸಿಲಿಂಡರ್ ತರಿಸಿದವು. 2024-25ರಲ್ಲಿ ಈ ಸರಾಸರಿ ನಾಲ್ಕೂವರೆಯ ಹತ್ತಿರಕ್ಕೆ ಬಂದಿದೆ. ಉಜ್ವಲಾ ಸಿಲಿಂಡರಿನ ಮೇಲೆ 2022ರ ಮೇ ತಿಂಗಳಲ್ಲಿ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ಸಬ್ಸಿಡಿ ಬಂದುದರ ಫಲವೂ ಇದರಲ್ಲಿರಬಹುದು. 2024ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ದೀಪಂ-2 ಎಂಬ ಹೆಸರಿನಲ್ಲಿ ವರ್ಷಕ್ಕೆ ಮೂರು ಉಚಿತ ಸಿಲಿಂಡರ್‌ಗಳನ್ನು ಕೊಡುವ ಯೋಜನೆಗೆ ಚಾಲನೆ ನೀಡಿತು. ಆದರೆ ಉಚಿತ ಎಂಬ ಪದಕ್ಕೆ ಇಲ್ಲಿ ವಿಶೇಷ ಅರ್ಥವಿತ್ತು. ಪೂರ್ಣ ಬೆಲೆ ಕೊಟ್ಟು ಸಿಲಿಂಡರ್ ಇಳಿಸಿಕೊಳ್ಳಬೇಕು, ಹಣ 48 ಗಂಟೆಗಳೊಳಗೆ ಖಾತೆಗೆ ಮರಳುತ್ತದೆ ಎಂಬುದು ಆರಂಭದಲ್ಲಿ ತಿಳಿಸಿದ ಕ್ರಮ. ಕೂಲಿಯಿಂದ ಬದುಕುವ ಮನೆಯಲ್ಲಿ ಆ ಎರಡು ದಿನಗಳ ಮಟ್ಟಿಗಾದರೂ ಅಷ್ಟು ಹಣ ಇರಬೇಕಲ್ಲ!

ಇರಲಿ, ಸಾಲ ಮಾಡಿ ಕೊಟ್ಟರೆಂದೇ ಇಟ್ಟುಕೊಳ್ಳೋಣ. ಗಡಿಯ ತೊಡಕು ಶುರುವಾಗುವುದು ಅನಂತರ. ನಮ್ಮ ಹೆಣ್ಣುಮಕ್ಕಳನ್ನು ಪಾವಗಡ, ಶಿರಾ, ಮಧುಗಿರಿ, ಮೊಳಕಾಲ್ಮೂರುಗಳಿಂದ ತರುತ್ತೇವೆ, ಅಲ್ಲಿಗೇ ಕೊಡುತ್ತೇವೆ. ಉಜ್ವಲಾ ಸಂಪರ್ಕ ಸಿಗುವುದು ವಯಸ್ಕ ಮಹಿಳೆಯ ಹೆಸರಿಗೆ ಮಾತ್ರ. ಆಕೆಯ ಆಧಾರ್ ತವರಿನ ವಿಳಾಸದ್ದು, ಅದರಲ್ಲಿ ಹೆಸರು ಕನ್ನಡದಲ್ಲಿದೆ. ಇಲ್ಲಿಯ ರೈಸ್ ಕಾರ್ಡಿನಲ್ಲಿ ಅದೇ ಹೆಸರು ತೆಲುಗಿಗೆ ತಿರುಗಿ ಒಂದಕ್ಷರ ಹೆಚ್ಚೋ ಕಡಿಮೆಯೋ ಆಗಿದೆ, ಅಥವಾ ಹೆಸರೇ ಸೇರಿಲ್ಲ. ದೀಪಂ-2ಕ್ಕೆ ಕಾರ್ಡು, ಆಧಾರ್, ಅನಿಲ ಸಂಪರ್ಕ ಮೂರೂ ಒಂದಕ್ಕೊಂದು ಕೂಡಬೇಕು. ಇನ್ನೂ ಒಂದು ಸಂಗತಿ ಅನೇಕರಿಗೆ ತಿಳಿಯದು. ಆಧಾರ್ ಮೂಲಕ ಬರುವ ಸಬ್ಸಿಡಿ ನಾವು ಏಜೆನ್ಸಿಗೆ ತೋರಿಸಿದ ಪಾಸ್‌ಪುಸ್ತಕದ ಖಾತೆಗೇ ಹೋಗುತ್ತದೆಂಬ ಖಾತ್ರಿಯಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಹಣ ಬಂದಿಲ್ಲವೆಂದು ನನ್ನಲ್ಲಿಗೆ ಬಂದವರಿಗೆ ನಾನು ಮೊದಲು ಹೇಳುವುದು, ತವರೂರಿನ ಬ್ಯಾಂಕಿನ ಹಳೆಯ ಪುಸ್ತಕ ಹುಡುಕಿ ಎಂದು. ಹಣ ಕೆಲವೊಮ್ಮೆ ಅಲ್ಲಿ ಸುಮ್ಮನೆ ಕುಳಿತಿರುತ್ತದೆ.

ಉಳಿದವರು ಅರ್ಜಿ ಕೊಡಬೇಕು. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವುದಿಲ್ಲ ಎಂಬ ಭಯ ನಮ್ಮವರಲ್ಲಿ ಬೇರೂರಿದೆ. ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿದ 1953ರಿಂದಲೂ ಈ ಭಯ ಮನೆಯ ಹಿರಿಯರಿಂದ ಕಿರಿಯರಿಗೆ ಬಂದಿದೆ. ಸಂವಿಧಾನದ 350ನೆಯ ವಿಧಿ ಹೇಳುವುದು ಬೇರೆ: ಕುಂದುಕೊರತೆಯ ಪರಿಹಾರಕ್ಕಾಗಿ ಯಾವುದೇ ವ್ಯಕ್ತಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕನ್ನಡ ಈ ರಾಜ್ಯದಲ್ಲಿ ಬಳಕೆಯಲ್ಲಿಲ್ಲ ಎಂದು ಯಾವ ತಹಶೀಲ್ದಾರರೂ ಹೇಳಲಾರರು. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿಯಲ್ಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಎರಡು ಎಚ್ಚರಿಕೆಗಳಿವೆ. ಅನಿಲ ವಿತರಕರು ಖಾಸಗಿಯವರು. ಮನವಿಯನ್ನು ಅವರಿಗಲ್ಲ, ತಹಶೀಲ್ದಾರರಿಗೆ ಅಥವಾ ಸೋಮವಾರದ ಅಹವಾಲು ಸಭೆಯಲ್ಲಿ ಕಲೆಕ್ಟರರಿಗೆ ಕೊಡಬೇಕು. ರಾಯದುರ್ಗದವರು ಅನಂತಪುರಕ್ಕೆ ಹೋದರೆ, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರದವರು ಪುಟ್ಟಪರ್ತಿಗೆ ಹೋಗಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಈ ಸೌಲಭ್ಯವಿಲ್ಲ. 2005ರ ಆ ಕಾಯ್ದೆಯ 6ನೆಯ ಕಲಮಿನಂತೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿಯೇ ಅರ್ಜಿ ಬರೆಯಬೇಕು. ನಮ್ಮ ಪಾಲಿಗೆ ಅದು ತೆಲುಗು.

ಶುದ್ಧ ಗಾಳಿ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದು ಕಾರ್ಖಾನೆಯ ಕೊಳೆ ನದಿಗೆ ಸೇರಿದ ವ್ಯಾಜ್ಯ. ಅಡುಗೆಮನೆಯ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಊದುಗೊಳವೆ ಹಿಡಿದು ಕೆಮ್ಮುವವರ ಪರವಾಗಿ ಅಂತಹ ವಾದ ಹೂಡುವುದು ಆಗದ ಕೆಲಸವೇನಲ್ಲ. ಅದಕ್ಕೆ ಕಾಲ ಬೇಕು. ಈ ವಾರ ಆಗಬೇಕಾದುದು ಚಿಕ್ಕದು. ಸಿಲಿಂಡರಿನ ರಸೀದಿ ಎಸೆಯಬೇಡಿ. ಗ್ರಾಮ ಸಚಿವಾಲಯದಲ್ಲಿ ರೈಸ್ ಕಾರ್ಡಿನ ಹೆಸರನ್ನು ಆಧಾರ್ ಜೊತೆ ಅಕ್ಷರಶಃ ಹೋಲಿಸಿ ನೋಡಿ. ಮನವಿಯ ಮೇಲ್ಭಾಗದಲ್ಲಿ 350ನೆಯ ವಿಧಿಯನ್ನು ಉಲ್ಲೇಖಿಸಿ, ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡೇ ಹೊರಬನ್ನಿ.