ಲಸಿಕೆಗೆ ಅಂಟಿದ ಸುಳ್ಳು ಕಳಂಕ

ದಡಾರ ಲಸಿಕೆ ಹಾಕಿಸಿದರೆ ಮಗುವಿಗೆ ಆಟಿಸಂ ಬರುತ್ತದೆಯೇ? ಇಲ್ಲವೆಂದು ವಿಜ್ಞಾನ ಸ್ಪಷ್ಟಪಡಿಸಿ ವರ್ಷಗಳೇ ಉರುಳಿವೆ. ಆದರೂ ಈ ಗುಮಾನಿ ಇಂಟರ್‌ನೆಟ್‌ನಲ್ಲಿ ಸುತ್ತುತ್ತಲೇ ಇದೆ.

ಇದರ ಮೂಲ ಲಂಡನ್ನಿನಲ್ಲಿದೆ. ವೈದ್ಯ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 1998ರ ಫೆಬ್ರವರಿಯಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ, ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಹುಟ್ಟುಹಾಕಿತು. ಪರೀಕ್ಷೆಗೊಳಗಾದ ಮಕ್ಕಳು ಕೇವಲ 12. ಹೋಲಿಕೆಗೆ ಬೇರೆ ಮಕ್ಕಳ ಗುಂಪೇ ಇರಲಿಲ್ಲ.

ಜನ ನಂಬಿದ್ದೇಕೆ? ಆಟಿಸಂ ಲಕ್ಷಣಗಳು ಹೆಚ್ಚಾಗಿ ಗೋಚರಿಸುವುದು ಮಗುವಿನ ಎರಡನೇ ವರ್ಷದಲ್ಲಿ. ಲಸಿಕೆ ಹಾಕುವ ವಯಸ್ಸೂ ಹೆಚ್ಚುಕಡಿಮೆ ಅದೇ. ಒಂದರ ಬೆನ್ನಿಗೆ ಇನ್ನೊಂದು ಕಂಡಾಗ ಮೊದಲನೆಯದೇ ಕಾರಣವೆಂದು ಹೆತ್ತವರಿಗೆ ತೋರುವುದು ಸಹಜ.

ಲಸಿಕೆ ತಯಾರಕರ ವಿರುದ್ಧ ದಾವೆಗೆ ಸಜ್ಜಾಗಿದ್ದ ವಕೀಲರಿಂದ ವೇಕ್‌ಫೀಲ್ಡ್‌ಗೆ ಹಣ ಸಂದಾಯವಾಗಿದ್ದುದನ್ನು 2004ರಲ್ಲಿ ಪತ್ರಕರ್ತ ಬ್ರಿಯಾನ್ ಡೀರ್ ಬಯಲಿಗೆಳೆದರು. 2010ರ ಫೆಬ್ರವರಿಯಲ್ಲಿ ಪತ್ರಿಕೆ ಲೇಖನವನ್ನು ಹಿಂಪಡೆಯಿತು. ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಅವರ ನೋಂದಣಿಯನ್ನು ರದ್ದುಪಡಿಸಿತು. ಡೆನ್ಮಾರ್ಕ್‌ನ 6.5 ಲಕ್ಷಕ್ಕೂ ಅಧಿಕ ಮಕ್ಕಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇಂತಹ ನಂಟು ಕಂಡುಬರಲಿಲ್ಲ.

ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ದಡಾರ ಹರಡದಿರಲು ಸುಮಾರು ಶೇ.95ರಷ್ಟು ಮಂದಿಗೆ ರೋಗನಿರೋಧಕ ಶಕ್ತಿ ಇರಬೇಕು. ಇಂಗ್ಲೆಂಡಿನಲ್ಲಿ 2003-04ರ ವೇಳೆಗೆ ಪುಟ್ಟ ಮಕ್ಕಳ ಲಸಿಕೆ ಪ್ರಮಾಣ ಶೇ.80ರ ಆಸುಪಾಸಿಗೆ ಕುಸಿದಿತ್ತು. ಅಂದು ಲಸಿಕೆ ತಪ್ಪಿಸಿಕೊಂಡವರು ಬೆಳೆದ ಮೇಲೆ, 2012-13ರಲ್ಲಿ, ವೇಲ್ಸ್‌ನ ಸ್ವಾನ್ಸೀ ಸುತ್ತಮುತ್ತ ಸಾವಿರಕ್ಕೂ ಅಧಿಕ ಪ್ರಕರಣಗಳು ವರದಿಯಾದವು.

ಕರ್ನಾಟಕವೂ ಇದಕ್ಕೆ ಹೊರತಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆಗೊಂಡ ದಡಾರ-ರುಬೆಲ್ಲಾ ಅಭಿಯಾನದ ವೇಳೆ ವಾಟ್ಸ್‌ಆ್ಯಪ್‌ನಲ್ಲಿ ವದಂತಿಗಳು ಹರಿದಾಡಿದ್ದವು. ದಡಾರವನ್ನು ಗುಣಪಡಿಸುವ ನಿರ್ದಿಷ್ಟ ಔಷಧಿಯಿಲ್ಲ, ಲಸಿಕೆಯೇ ರಕ್ಷೆ.